ಮುದ್ದತಿಗೆ ಮುಂಚೆ ಮುರಿದ ಠೇವಣಿ

ತಿಳವಳ್ಳಿಯಲ್ಲಿ ನಮ್ಮ ಅಕ್ಕನ ಗಂಡನಿಗೆ ಒಂದು ಹಿಟ್ಟಿನ ಗಿರಣಿ ಇತ್ತು. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತೇವೆ. ಮಾಮಾ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುವಷ್ಟರಲ್ಲಿ ಕಟ್ಟೆಯ ಮೇಲೆ ಜೋಳದ ಡಬ್ಬಿಗಳು ಸಾಲಾಗಿ ಕೂತಿರುತ್ತಿದ್ದವು. ಯಾವ ಡಬ್ಬಿ ಯಾರ ಮನೆಯದು, ಯಾರಿಗೆ ಹಿಟ್ಟು ಸಣ್ಣಗೆ ಬೇಕು, ಯಾರಿಗೆ ತರಿ ಬೇಕು ಎಂದು ಅವರು ಕೇಳುತ್ತಲೇ ಇರಲಿಲ್ಲ. ಮಧ್ಯಾಹ್ನ ಊಟಕ್ಕೆ ಒಳಗೆ ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗಿರುತ್ತಿತ್ತು. ಅಕ್ಕ, "ಬಂದ್ರು ನೋಡು, ಮುದುಕಪ್ಪ" ಎಂದು ನಗುತ್ತಾ ಟವೆಲ್ ಕೊಡುತ್ತಿದ್ದಳು. ಅವರಿಗೆ ಒಬ್ಬಳೇ ಮಗಳು.

ಮಗಳು ಹುಟ್ಟಿದ ವರ್ಷವೇ ಮಾಮಾ ಅವಳ ಹೆಸರಿನಲ್ಲಿ ಠೇವಣಿ ಇಟ್ಟಿದ್ದರು. ಮುದ್ದತು ಮುಗಿದಾಗಲೆಲ್ಲ ಬಡ್ಡಿ ಸಮೇತ ಮತ್ತೆ ಇಡುತ್ತಿದ್ದರು. ಗಿರಣಿಯಲ್ಲಿ ಉಳಿದದ್ದನ್ನೂ ಅದಕ್ಕೇ ಸೇರಿಸುತ್ತಿದ್ದರು. ಮನೆಯಲ್ಲಿ ಅದಕ್ಕೆ "ಮದಿವಿ ರೊಕ್ಕ" ಎಂದು ಹೆಸರು. ಒಂದು ಮಳೆಗಾಲದಲ್ಲಿ ಅಡುಗೆಮನೆಯ ಹಂಚು ಕುಸಿದು ಒಲೆಯ ಮೇಲೆಯೇ ನೀರು ಸುರಿಯತೊಡಗಿತು. ಮಾಮಾ ಸೊಸೈಟಿಯಲ್ಲಿ ಸಾಲ ತೆಗೆದು ಹೊಸ ಮಾಡು ಹಾಕಿಸಿದರು, ಠೇವಣಿಯ ಕಡೆ ತಿರುಗಿಯೂ ನೋಡಲಿಲ್ಲ. ಠೇವಣಿಗೆ ಬರುವ ಬಡ್ಡಿಗಿಂತ ಸಾಲಕ್ಕೆ ಕೊಡುವ ಬಡ್ಡಿ ಹೆಚ್ಚು ಎಂದು ನಾನು ಹೇಳಿದೆ. ಮಾಮಾ ಕೇಳಿಸಿಕೊಂಡರು, ಲೆಕ್ಕವನ್ನೂ ಒಪ್ಪಿಕೊಂಡರು. "ಖರೇ ಐತಿ. ಆದ್ರ ಅದು ಮದಿವಿ ರೊಕ್ಕ, ಇದು ಮನಿ ರೊಕ್ಕ" ಎಂದರು.

ನಾನು ಹಾನಗಲ್ಲಿನಲ್ಲಿ ಒಂದು ಬ್ಯಾಂಕಿನ ಶಾಖೆಯಲ್ಲಿ ಕೆಲಸ ಮಾಡುತ್ತೇನೆ, ಆ ಠೇವಣಿಯೂ ಅಲ್ಲೇ ಇತ್ತು. ಅದಕ್ಕೂ ಮುಂಚೆ ಶಿಗ್ಗಾಂವಿಯಲ್ಲಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಣದ ವಿಷಯದಲ್ಲಾದರೂ ಜನ ಕೂಡಿಸಿ ಕಳೆದು ತೀರ್ಮಾನ ಮಾಡುತ್ತಾರೆ ಎಂದುಕೊಂಡಿದ್ದೆ. ಕೌಂಟರಿನ ಈಚೆ ಕೂತು ನೋಡುತ್ತಾ ನೋಡುತ್ತಾ ಆ ನಂಬಿಕೆ ಹೋಯಿತು. ಹಿರೇಬೆಂಡಿಗೇರಿ ಕಡೆಯ ಹಿರಿಯರೊಬ್ಬರಿಗೆ ರಸ್ತೆಗೆ ಹೋದ ಹೊಲದ ಪರಿಹಾರ ಬಂದಿತ್ತು. ವರ್ಷಗಟ್ಟಲೆ ಅದು ಉಳಿತಾಯ ಖಾತೆಯಲ್ಲೇ ಬಿದ್ದಿತ್ತು. ಒಳ್ಳೆಯ ಬಡ್ಡಿ ಬರುವ ಕಡೆ ಇಡೋಣ ಎಂದರೆ, "ಅದು ರೊಕ್ಕ ಅಲ್ಲರೀ, ಹೊಲ. ಮುಟ್ಟಬ್ಯಾಡ್ರಿ" ಎನ್ನುತ್ತಿದ್ದರು. ಬಂಗಾರದ ದರ ಏರಿದಷ್ಟೂ ಕೊಳ್ಳಲು ಬರುವವರನ್ನು ನೋಡಿದ್ದೇನೆ. ಪಕ್ಕದ ಮನೆಯವರು ಹಾಕಿದರು ಎಂಬ ಒಂದೇ ಕಾರಣಕ್ಕೆ ಓದದ ಕಾಗದಕ್ಕೆ ಸಹಿ ಹಾಕಿದವರನ್ನೂ ನೋಡಿದ್ದೇನೆ. ಅವರ್‍ಯಾರೂ ದಡ್ಡರಲ್ಲ. ಒಬ್ಬೊಬ್ಬರ ಹಣಕ್ಕೂ ಒಂದು ಹೆಸರಿತ್ತು, ಭಯವಿತ್ತು, ಸತ್ತವರ ನೆನಪಿತ್ತು. ಬೇರೆಯವರ ಮನೆಯ ಮಾತಾಗಿದ್ದಾಗ ಇದೆಲ್ಲ ನನಗೆ ಕುತೂಹಲದ ವಿಷಯವಾಗಿತ್ತು.

ಮಾಮಾ ಅವರಿಗೆ ಉಸಿರು ಕಟ್ಟತೊಡಗಿದ್ದು ಒಂದು ಬೇಸಿಗೆಯಲ್ಲಿ. ಚೀಲ ಎತ್ತಿದರೆ ಕೂತುಬಿಡುತ್ತಿದ್ದರು. ಗಿರಣಿಯ ಮೆಟ್ಟಿಲು ಏರಿ ಬಾಗಿಲಿಗೆ ಕೈಕೊಟ್ಟು ನಿಲ್ಲುತ್ತಿದ್ದರು. ಹಿಟ್ಟಿನ ಧೂಳು ಕುಡಿದು ಹಾಗಾಗಿದೆ ಎಂದು ಎಲ್ಲರೂ ಅಂದುಕೊಂಡೆವು. ಹುಬ್ಬಳ್ಳಿಯ ಡಾಕ್ಟರು ಪರೀಕ್ಷೆ ಮಾಡಿ, ಧೂಳಲ್ಲ, ಎದೆಯೊಳಗಿನ ಕವಾಟ ಸವೆದಿದೆ, ಬದಲಿಸಬೇಕು ಎಂದರು.

"ಗಿರಣಿ ಪಟ್ಟಾ ಸವದಂಗ" ಎಂದರು ಮಾಮಾ.

"ಹೌದು. ಪಟ್ಟಾ ಹರಿಯುವವರೆಗೂ ಕಾಯಬಾರದು" ಎಂದರು ಡಾಕ್ಟರು.

ಆಪರೇಶನ್ನಿನಲ್ಲಿ ಅಪಾಯವಿಲ್ಲವೇ ಎಂದು ಅಕ್ಕ ಕೇಳಿದಳು. ಇದೆ, ಆದರೆ ಮಾಡಿಸದಿದ್ದರೆ ಅದಕ್ಕಿಂತ ಹೆಚ್ಚು, ತಡವಾದಷ್ಟೂ ಹೆಚ್ಚುತ್ತದೆ ಎಂದು ಅವರು ನಿಧಾನವಾಗಿ, ಬಿಡಿಸಿ ಹೇಳಿದರು. ಖರ್ಚಿನಲ್ಲಿ ಒಂದಷ್ಟು ಸರಕಾರಿ ಆರೋಗ್ಯ ಕಾರ್ಡಿನಿಂದ ಹೋಗುತ್ತಿತ್ತು. ಉಳಿದದ್ದನ್ನು ನಾವು ಹೊಂದಿಸಬೇಕಿತ್ತು. ಮಾಮಾ ಎಲ್ಲದಕ್ಕೂ ತಲೆಯಾಡಿಸಿ, ಊರಿಗೆ ಬಂದು, ಮರುದಿನ ಗಿರಣಿ ಶುರು ಮಾಡಿದರು.

ಗೋವಿನಜೋಳದ ಸುಗ್ಗಿ ಬರಲಿ ಎಂದರು. ಸುಗ್ಗಿ ಬಂತು. ದೀಪಾವಳಿಯ ಹೊತ್ತಿಗೆ ಠೇವಣಿಯ ಮುದ್ದತು ಮುಗಿಯುತ್ತದೆ, ಆಮೇಲೆ ನೋಡೋಣ ಎಂದರು. ಹಿರೇಕೆರೂರಿನಿಂದ ಅವರ ಅಕ್ಕ ಬಂದು, "ರೊಕ್ಕ ಇವತ್ತ ಹೋಗ್ತೈತಿ, ನಾಳೆ ಬರ್ತೈತಿ. ಲಗೂನ ಮಾಡಿಸ್ಕೊಳ್ಳೋ ತಮ್ಮಾ, ದಮ್ಮಯ್ಯ ಅಂತೇನಿ" ಎಂದು ಕೈಹಿಡಿದು ಅತ್ತರು. ಅದಕ್ಕೂ ತಲೆಯಾಡಿಸಿದರು. ಅಷ್ಟರಲ್ಲಿ ಗಿರಣಿಯ ಮೋಟಾರು ಸುಟ್ಟಿತು. ಮರುದಿನವೇ ಹಾನಗಲ್ಲಿಗೆ ಬಂದು, ದರ ಕೂಡ ಜಗ್ಗಾಡದೆ ಹೊಸ ಮೋಟಾರು ಕೊಂಡರು. ಅಂಗಡಿಯಿಂದ ನೇರವಾಗಿ ನನ್ನ ಬ್ಯಾಂಕಿಗೆ ಚಹಾ ಕುಡಿಯಲು ಬಂದರು.

"ಮಾಮಾ, ಮೋಟಾರ್ ಸುಟ್ಟರ ನೀವು ಒಂದಿನ ತಡೀಲಿಲ್ಲ. ಎದಿ ವಿಷಯ ಮಾತ್ರ ಯಾಕ ಮುಂದ ಹಾಕಾಕತ್ತೀರಿ?" ಎಂದೆ.

"ಮೋಟಾರ್ ದುಡೀತೈತಿ, ಬ್ಯಾಂಕಿನವ್ವಾ. ಎದಿ ಏನ್ ದುಡೀತೈತಿ?" ಎಂದು ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು.

ಆ ಭಾನುವಾರ ನಾನು ತಿಳವಳ್ಳಿಗೆ ಹೋದೆ. ಈ ಸಲ ಒಪ್ಪಿಸಿಯೇ ಬರಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತೆವು. ಅಕ್ಕ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಅಡಿಕೆ ಕತ್ತರಿಸುತ್ತಿದ್ದಳು.

"ಈಗ ಮುರದ್ರ ಬಡ್ಡಿ ಎಷ್ಟ ಕಡಿಮಿ ಬರ್ತೈತಿ? ಹೇಳು" ಎಂದರು ಮಾಮಾ.

ನಾನು ಹೇಳಿದೆ. ದೊಡ್ಡ ಮೊತ್ತವಲ್ಲ.

"ನೋಡಿದಿ? ಕೈಯಾಗ ಬಂದದ್ದು ಹೋಗ್ತೈತಿ."

"ಹೋಗ್ಲಿರಿ. ಜೀವಾ?"

"ಜೀವಾ ಎಲ್ಲಿ ಹೋಗೇತಿ? ನಿನ್ನ ಮುಂದ ಕುಂತೇನಲ್ಲ."

ಬೇಕಾದರೆ ಠೇವಣಿ ಹಾಗೇ ಇರಲಿ, ನಾನು ಕೊಡುತ್ತೇನೆ ಎಂದೆ. ಅವರ ಮುಖ ಗಂಭೀರವಾಯಿತು. "ಹೆಂಡತಿ ತಂಗಿ ರೊಕ್ಕದಾಗ ಎದಿ ಕೊಯ್ಸಿಕೊಂಡೆ ಅಂತ ಅನ್ನಿಸಿಕೊಳ್ಳೋದು ಬ್ಯಾಡವಾ" ಎಂದರು. ಅದು ಅಲ್ಲಿಗೆ ನಿಂತಿತು.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ನನ್ನನ್ನು ಕಳಿಸಲು ಬಂದರು. ಬೇಡವೆಂದರೂ ಕೇಳಲಿಲ್ಲ. ಸ್ವಲ್ಪ ದೂರ ನಡೆದು, ಯಾರದೋ ಎತ್ತು ನೋಡುವ ನೆಪ ಮಾಡಿ ನಿಲ್ಲುತ್ತಿದ್ದರು. ಇನ್ನೊಂದಿಷ್ಟು ನಡೆದು, ಚಪ್ಪಲಿ ಸರಿ ಮಾಡಿಕೊಳ್ಳುವ ನೆಪ. ಬಸ್ಸು ಕಾಯುತ್ತಾ ನಿಂತಾಗ ರಸ್ತೆಯ ಕಡೆ ನೋಡುತ್ತಲೇ ಹೇಳಿದರು: "ನಮ್ಮಪ್ಪನ್ನ ಹುಬ್ಬಳ್ಳಿ ದವಾಖಾನಿಗೆ ಒಯ್ದಿದ್ವಿ. ನಡಕೊಂತ ಹೋದಾಂವ, ಹೊತ್ತುಕೊಂಡು ತಂದ್ವಿ. ನಾನೂ ಹೆಗಲ ಕೊಟ್ಟಿದ್ದೆ."

ಅಷ್ಟು ದಿನ ನಾನು ಬಡ್ಡಿಯ ಲೆಕ್ಕಕ್ಕೆ ಉತ್ತರ ಕೊಡುತ್ತಿದ್ದೆ. ಅವರು ಬಡ್ಡಿಯ ಮಾತಾಡುತ್ತಲೇ ಇರಲಿಲ್ಲ. ಹೆದರಿಕೆಯಾಗುತ್ತದೆ ಎಂದು ಹೆಂಡತಿಯ ಮುಂದೆ, ಮಗಳ ಮುಂದೆ ಹೇಳಲು ಬಾಯಿ ಬರುವುದಿಲ್ಲ. ನಷ್ಟವಾಗುತ್ತದೆ ಎಂದು ಹೇಳಬಹುದು, ಹಾಗೆಂದರೆ ಯಾರೂ ಕೀಳಾಗಿ ನೋಡುವುದಿಲ್ಲ. ಅವರ ಕೈಮೇಲೆ ಕೈಯಿಟ್ಟೆ. ಬಸ್ಸು ಬಂತು.

ಆ ವಾರದಲ್ಲೇ ಒಂದು ಬೆಳಿಗ್ಗೆ ಅವರ ಮಗಳು ನಮ್ಮ ಶಾಖೆಗೆ ಬಂದಳು. ಆಗ ಅವಳು ಹಾವೇರಿಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿನ ಕಡೆಯ ವರ್ಷದಲ್ಲಿದ್ದಳು. ತಂದೆಯ ರಿಪೋರ್ಟುಗಳನ್ನು ನಮಗಿಂತ ಚೆನ್ನಾಗಿ ಓದಬಲ್ಲವಳು. ಬ್ಯಾಗಿನಿಂದ ಠೇವಣಿಯ ರಸೀದಿ ತೆಗೆದು ಮೇಜಿನ ಮೇಲಿಟ್ಟಳು.

"ಚಿಗವ್ವಾ, ಇದು ನನ್ನ ಹೆಸರಿಲೆ ಐತಲ್ಲ? ಮುರಸಾಕ ಯಾರ ಸಹಿ ಬೇಕು?"

"ನಿಂದ. ನಿನಗ ಹದಿನೆಂಟ ತುಂಬಿ ಎಷ್ಟೋ ದಿನಾ ಆತಲ್ಲ. ಆದ್ರ ಅಪ್ಪಗ ಕೇಳಿಯೇನು?"

"ಕೇಳಿದ್ರ ಬ್ಯಾಡ ಅಂತಾನ. ಕೇಳದನ ಮಾಡಿದ್ರ ಸಿಟ್ಟಾಕ್ಕಾನ. ಸಿಟ್ಟಾಗಾಕರ ಇರ್ತಾನಲ್ಲ ಚಿಗವ್ವಾ."

ನಾನು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಎಲ್ಲ ಕೇಳಿ, "ಮಾಡ್ರಿ" ಎಂದಳು. ಕೌಂಟರಿನಲ್ಲಿದ್ದ ನಮ್ಮ ಸಹೋದ್ಯೋಗಿ ಅರ್ಜಿ ನೋಡಿ, ಮುದ್ದತಿಗೆ ಮುಂಚೆ ತೆಗೆಯಲು ಕಾರಣ ಏನೆಂದು ಬರೆಯಲಿ ಎಂದು ವಾಡಿಕೆಯಂತೆ ಕೇಳಿದರು. ಹುಡುಗಿ ಒಂದು ಕ್ಷಣ ಯೋಚಿಸಿ, "ಅಪ್ಪ ಅಂತ ಬರೀರಿ" ಎಂದಳು. ಅವರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ತಿರುಗಿದೆ.

ಸಂಜೆ ಅವಳ ಜೊತೆ ನಾನೂ ಊರಿಗೆ ಹೋದೆ. ಮಾಮಾ ಗಿರಣಿ ಬಂದ್ ಮಾಡಿ ಕಾಲು ತೊಳೆಯುತ್ತಿದ್ದರು. ಅವಳು ನಿಂತಲ್ಲೇ ಹೇಳಿಬಿಟ್ಟಳು. ಮಾಮಾ ತಂಬಿಗೆ ಕೆಳಗಿಟ್ಟರು. ಬೈಯುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಬೈಯಲಿಲ್ಲ.

"ನಿನ್ನ ಮದಿವಿ ಹೆಂಗ ಮಾಡ್ಲಿ ನಾ?" ಎಂದರು. ಇಪ್ಪತ್ತು ವರ್ಷ ಕೈಯಲ್ಲಿ ಹಿಡಿದದ್ದನ್ನು ಯಾರೋ ಬಿಡಿಸಿಕೊಂಡಂತೆ ನಿಂತಿದ್ದರು.

"ನೀ ಇದ್ರ ಮಾಡ್ತೀ. ನೀ ಇಲ್ಲಂದ್ರ ನನಗ ಅದು ಬ್ಯಾಡ" ಎಂದಳು ಮಗಳು.

ಅವರು ಒಳಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟದ ಹೊತ್ತಿಗೆ ಎದ್ದು ಬಂದು, ಮಗಳ ಪಕ್ಕ ಕೂತು, ತಮ್ಮ ತಟ್ಟೆಯ ರೊಟ್ಟಿ ಮುರಿದು ಅವಳ ತಟ್ಟೆಗೆ ಹಾಕಿದರು. "ಯಾವಾಗ ಹೋಗೂಣಂತ?" ಎಂದು ಕೇಳಿದರು. ಅಕ್ಕ ಪಲ್ಯ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಅಳತೊಡಗಿದಳು.

ಹುಬ್ಬಳ್ಳಿಯಲ್ಲಿ ಆಪರೇಶನ್ ಚೆನ್ನಾಗಿಯೇ ಆಯಿತು. ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಈಗ ಅದು ಯಾರಿಗೂ ನೆನಪಿಲ್ಲ. ಐಸಿಯುನಿಂದ ವಾರ್ಡಿಗೆ ತಂದ ದಿನ ಮಾಮಾ ದಿಂಬಿಗೆ ಒರಗಿ ಕೂತು ಗಂಜಿ ಕುಡಿದರು. ಗಿರಣಿ ನೋಡಿಕೊಳ್ಳುತ್ತಿದ್ದ ತಮ್ಮ ಅಣ್ಣನ ಮಗನಿಗೆ ಫೋನ್ ಹಚ್ಚಿಸಿ, ಬೀಸುವ ಕಲ್ಲು ಬಹಳ ಬಿಗಿ ಮಾಡಬೇಡ, ಹಿಟ್ಟು ಬಿಸಿಯಾಗುತ್ತದೆ ಎಂದು ಹೇಳಿದರು. ಮಾತಾಡಿ ಮುಗಿಸಿದಾಗ ತಮಗೇ ಆಶ್ಚರ್ಯವಾದಂತೆ, "ಇಷ್ಟೊತ್ತು ಮಾತಾಡಿದ್ರೂ ದಮ್ಮು ಬರಲಿಲ್ಲ ನೋಡು" ಎಂದರು. ಮಗಳು ಅವರ ಹಾಸಿಗೆಯ ತುದಿಗೆ ಕೂತು ಕಾಲು ಒತ್ತುತ್ತಿದ್ದಳು. ಅವಳ ತಲೆಯ ಮೇಲೆ ಕೈಯಿಟ್ಟು, "ಈಕಿ ಭಾಳ ಹಟಮಾರಿ ಅದಾಳ. ಯಾರ ಮಾತೂ ಕೇಳಂಗಿಲ್ಲ" ಎಂದು ಪಕ್ಕದ ಹಾಸಿಗೆಯವರಿಗೆ ಹೆಮ್ಮೆಯಿಂದ ಹೇಳಿದರು. ಅವಳು ಅಷ್ಟು ನಕ್ಕದ್ದನ್ನು ಆಮೇಲೆ ನಾನು ನೋಡಿಲ್ಲ.

ನಂತರ ಜ್ವರ ಬಂತು. ಮೊದಲು ಸಣ್ಣ ಜ್ವರ, ಬರುತ್ತದೆ ಹೋಗುತ್ತದೆ ಎಂದರು. ಆಮೇಲೆ ನಂಜು ರಕ್ತಕ್ಕೆ ಸೇರಿತು ಎಂದರು. ಔಷಧಿ ಬದಲಿಸಿದರು, ಮತ್ತೆ ಐಸಿಯುಗೆ ಒಯ್ದರು. ಅಲ್ಲಿದ್ದವರು ತಮ್ಮಿಂದಾದದ್ದನ್ನೆಲ್ಲ ಮಾಡಿದರು. ಬಾಗಿಲ ಹೊರಗಿನ ಬೆಂಚಿನ ಮೇಲೆ ನಾವು ಮೂವರೂ ಕೂತಿರುತ್ತಿದ್ದೆವು. ಒಳಗಿಂದ ಯಾರಾದರೂ ಹೊರಬಂದರೆ ಹುಡುಗಿ ಎದ್ದು ನಿಂತು ಅಂಕಿಗಳನ್ನು ಕೇಳುತ್ತಿದ್ದಳು. ಕೇಳಿ ಬಂದು ಸುಮ್ಮನೆ ಕೂರುತ್ತಿದ್ದಳು. ಅವಳಿಗೆ ಆ ಅಂಕಿಗಳ ಅರ್ಥ ಗೊತ್ತಿತ್ತು. ನಮಗೆ ಹೇಳುತ್ತಿರಲಿಲ್ಲ.

ಮಾಮಾ ಒಂದು ಗುರುವಾರ ಮಧ್ಯಾಹ್ನ ಹೋದರು.

ತಿಳವಳ್ಳಿಯಲ್ಲಿ ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ಜನ. ಪಡಸಾಲೆಯಲ್ಲಿ ಹಿರೇಕೆರೂರಿನ ಅವರ ಅಕ್ಕ ಗೋಡೆಗೊರಗಿ ಕೂತು ಹಾಡಿಕೊಂಡು ಅಳುತ್ತಿದ್ದರು. ಅಳುವಿನ ನಡುವೆಯೇ ಹೇಳಿದರು: "ನಾ ಬಡಕೊಂಡ್ನಿ, ಅವಸರ ಮಾಡಬ್ಯಾಡ್ರಿ, ಅವಸರ ಮಾಡಬ್ಯಾಡ್ರಿ ಅಂತ. ನನ್ನ ಮಾತ ಯಾರು ಕೇಳಿದ್ರು?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ತಾವು ಹಾಗೆಯೇ ಹೇಳಿದ್ದಾಗಿ ಅವರು ಪೂರಾ ನಂಬಿದ್ದರು. ತಮ್ಮನ ಕೈಹಿಡಿದು ಬೇಗ ಮಾಡಿಸಿಕೋ ಎಂದು ಅತ್ತದ್ದು ಅವರ ಮನಸ್ಸಿನಿಂದಲೇ ಅಳಿಸಿಹೋಗಿತ್ತು. ಸುತ್ತ ಕೂತವರೂ ಹೂಂಗುಟ್ಟಿದರು. ಇನ್ನಷ್ಟು ದಿನ ನೋಡಬಹುದಿತ್ತು, ಔಷಧಿಯಲ್ಲೇ ಗುಣವಾಗುತ್ತಿತ್ತು, ಹುಡುಗಿ ಓದಿದವಳು ಅಂತ ಮುಂದೆ ಬಿದ್ದಳು ಎಂದರು. ಮಾಮಾ ಬದುಕಿ ಬಂದಿದ್ದರೆ ಇದೇ ಜನ ಇದೇ ಪಡಸಾಲೆಯಲ್ಲಿ ಅವಳನ್ನು ಗಂಡುಮಗನಿಗಿಂತ ಹೆಚ್ಚು ಎಂದು ಹೊಗಳುತ್ತಿದ್ದರು.

ನಾನು ಅಡುಗೆಮನೆಗೆ ಎದ್ದು ಹೋದೆ. ಅಕ್ಕ ಒಲೆಯ ಮುಂದೆ ಕೂತಿದ್ದಳು, ಯಾರೋ ತಂದುಕೊಟ್ಟ ಚಹಾ ಆರಿಹೋಗಿತ್ತು. ನನ್ನನ್ನು ಕಂಡು, ಮೆಲ್ಲಗೆ, ಯಾರಿಗೂ ಕೇಳಿಸದಂತೆ, "ಆ ರೊಕ್ಕ ಮುಟ್ಟಬಾರದಿತ್ತವಾ" ಎಂದಳು. "ಮುಟ್ಟಿದ್ದಕ್ಕ ಹಿಂಗಾತು. ಮನಿಷಾನೂ ಹೋದ, ಆಕಿ ಮದಿವಿ ರೊಕ್ಕಾನೂ ಹೋತು."

ಹಿತ್ತಲ ಬಾಗಿಲಲ್ಲಿ ಕೊಡ ಹಿಡಿದು ಮಗಳು ನಿಂತಿದ್ದಳು. ಕೊಡವನ್ನು ಸದ್ದಾಗದಂತೆ ಕೆಳಗಿಟ್ಟು ಮತ್ತೆ ಹೊರಗೆ ಹೋದಳು. ಅಕ್ಕ ಅವಳನ್ನು ನೋಡಿದಳು. ಕರೆಯಲಿಲ್ಲ.

ಅಕ್ಕನನ್ನು ನಾನು ದೂರುವುದಿಲ್ಲ. ಹೋದ ಮನುಷ್ಯನ ನಷ್ಟ ಎಷ್ಟು ದೊಡ್ಡದು ಎಂದು ಅಳೆಯಲು ಬರುವುದಿಲ್ಲ. ಹೋದ ಹಣ ಎಷ್ಟೆಂದು ಹೇಳಬಹುದು. ಅಳೆಯಲಾಗದ್ದನ್ನು ಹೊರಲಾರದೆ ಅವಳು ಅಳೆಯಬಹುದಾದದ್ದನ್ನು ಹಿಡಿದುಕೊಂಡಳು. ಬ್ಯಾಂಕಿನಲ್ಲಿ ಇಷ್ಟು ವರ್ಷ ಕೂತವಳಿಗೆ ಇದು ಅರ್ಥವಾಗುತ್ತದೆ. ಅರ್ಥವಾದದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಹುಡುಗಿ ಕೋರ್ಸು ಮುಗಿಸಿ ಸವಣೂರಿನಲ್ಲಿ ಒಂದು ಲ್ಯಾಬಿಗೆ ಸೇರಿದಳು. ಅಲ್ಲೇ ಒಂದು ಖೋಲಿ ಹಿಡಿದಿದ್ದಾಳೆ. ಪಗಾರದಲ್ಲಿ ತನ್ನ ಊಟದಷ್ಟು ಇಟ್ಟುಕೊಂಡು ಉಳಿದದ್ದನ್ನು ಅವ್ವನ ಖಾತೆಗೆ ಹಾಕುತ್ತಾಳೆ. ಅಕ್ಕ ಅದನ್ನು ತೆಗೆಯುವುದೇ ಇಲ್ಲ. ಅವರ ಮನೆಗೆ ಎರಡು ಕಡೆಯಿಂದ ಸಂಬಂಧ ಕೇಳಿಬಂದಿತ್ತು. ಎರಡಕ್ಕೂ ಹುಡುಗಿ ಬೇಡ ಎಂದಳು. ಒಂದು ಮನೆಯವರಂತೂ ಏನೂ ಬೇಡ, ಮಗಳನ್ನು ಕೊಟ್ಟರೆ ಸಾಕು ಎಂದಿದ್ದರು. ಅವರಿಗೂ ಇಲ್ಲವೆಂದಳು. ಅವ್ವ ಮಗಳು ಹಬ್ಬಕ್ಕೆ ಸೇರುತ್ತಾರೆ, ಜೊತೆಗೆ ಕೂತು ಶ್ಯಾವಿಗೆ ಹೊಸೆಯುತ್ತಾರೆ, ನೀರಿನ ನಳದ ವಿಷಯ, ನೆರೆಮನೆಯ ಆಕಳಿನ ವಿಷಯ ಮಾತಾಡುತ್ತಾರೆ. ಅದೊಂದನ್ನು ಬಿಟ್ಟು ಎಲ್ಲವನ್ನೂ ಮಾತಾಡುತ್ತಾರೆ.

ಹೋದ ತಿಂಗಳು ಕೆಲಸದ ಮೇಲೆ ಸವಣೂರಿಗೆ ಹೋಗಿದ್ದೆ. ಮಧ್ಯಾಹ್ನ ಅವಳ ಖೋಲಿಗೆ ಹೋದೆ. ಚಾಪೆ, ಒಂದು ಸ್ಟೋವ್, ಹಗ್ಗದ ಮೇಲೆ ಎರಡು ಚೂಡಿದಾರ. ಅನ್ನ ಸಾರು ಮಾಡಿದ್ದಳು, ನಾನು ಬರುತ್ತೇನೆಂದು ಅಂಗಡಿಯಿಂದ ಕುರುಕಲು ಖಾರಾ ತಂದಿಟ್ಟಿದ್ದಳು. ತಾನು ಅದನ್ನು ಮುಟ್ಟಲಿಲ್ಲ. ಮೊಣಕೈಯ ಹತ್ತಿರ ಕುರ್ತಾ ಹೊಲಿಗೆ ಬಿಟ್ಟಿತ್ತು. ಹೊಸದು ತೆಗೆದುಕೊಡುತ್ತೇನೆ, ಬಾ, ಅಂಗಡಿಗೆ ಹೋಗೋಣ ಎಂದೆ.

"ಬ್ಯಾಡ ಚಿಗವ್ವಾ. ಅಂಗಡ್ಯಾಗ ನಿಂತು ಇದು ಬೇಕು ಅಂತ ಹೇಳಾಕ ಆಗವಲ್ದು ನನಗ" ಎಂದಳು. ಕುರ್ತಾದ ತೋಳು ಎಳೆದುಕೊಂಡು, "ನಾ ತಪ್ಪ ಮಾಡಿದ್ನೇನು?" ಎಂದಳು.

ಈ ಪ್ರಶ್ನೆಗಾಗಿ ನಾನು ಎಷ್ಟೋ ದಿನದಿಂದ ಕಾಯುತ್ತಿದ್ದೆ. ಅವಳ ಎರಡೂ ಕೈ ಹಿಡಿದು ಹೇಳಿದೆ. ಆ ದಿನ ಡಾಕ್ಟರು ಏನು ಹೇಳಿದ್ದರೋ ಅದನ್ನು ಕೇಳಿ ನೀನು ಮಾಡಿದ ತೀರ್ಮಾನ ಸರಿಯಾಗಿತ್ತು. ಮುಂದೆ ಏನಾಯಿತು ಎನ್ನುವುದು ಆ ದಿನ ಯಾರಿಗೂ ಗೊತ್ತಿರಲಿಲ್ಲ. ಕೊನೆ ಕೆಟ್ಟದ್ದಾಯಿತು ಎಂದು ಮೊದಲಿನದು ತಪ್ಪಾಗುವುದಿಲ್ಲ. ನಾನೇ ನಿನ್ನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಅವಳು ಪೂರ್ತಿ ಕೇಳಿದಳು.

"ಗೊತ್ತೈತಿ ಚಿಗವ್ವಾ. ದಿನಾ ನನಗ ನಾನ ಹಿಂಗ ಹೇಳಿಕೊಳ್ತೇನಿ" ಎಂದಳು. "ಆದ್ರ ನಾ ಸುಮ್ನ ಇದ್ದಿದ್ರ ಆ ದೀಪಾವಳಿಗೆ ಅಪ್ಪ ಮನ್ಯಾಗ ಇರ್ತಿದ್ದ. ಅಷ್ಟರ ಖರೇ ಅಲ್ಲೇನು?"

ನಾನು ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಇರುತ್ತಿದ್ದರೇನೋ. ಬಾಗಿಲಿಗೆ ಕೈಕೊಟ್ಟು ದಮ್ಮು ಎಳೆಯುತ್ತಾ, ಇನ್ನೊಂದು ಹಬ್ಬ, ಇನ್ನೊಂದು ಸುಗ್ಗಿ ಇರುತ್ತಿದ್ದರೇನೋ. ಅವಳ ಕೈ ಬಿಡಲಿಲ್ಲ. ಅವಳು ಅಳಲಿಲ್ಲ. ಎದ್ದು ಪಾತ್ರೆ ತೊಳೆಯತೊಡಗಿದಳು. ಲ್ಯಾಬಿಗೆ ಹೋಗಲು ಹೊತ್ತಾಗುತ್ತದೆ ಎಂದಳು.

ಬಸ್ಸು ಹತ್ತಿ ಕೂತ ಮೇಲೆ ಅಕ್ಕನ ಫೋನ್ ಬಂತು. ಅವಳಿಗೆ ನಾನು ಸವಣೂರಿಗೆ ಹೋದದ್ದು ಗೊತ್ತಿತ್ತು.

"ಹೆಂಗದಾಳ? ಉಣ್ತಾಳೋ ಇಲ್ಲೋ? ಸೊರಗ್ಯಾಳೇನು?"

"ನೀನ ಫೋನ್ ಹಚ್ಚಿ ಕೇಳಬೇ ಅಕ್ಕ. ನಿನ್ನ ಧ್ವನಿ ಕೇಳಬೇಕು ಆಕಿಗೆ" ಎಂದೆ.

ಆ ಕಡೆ ಪಾತ್ರೆ ಸರಿಸಿದ ಸದ್ದು ಕೇಳಿಸಿತು.

"ಫೋನ್ ಹಚ್ಚಿ ಏನಂತ ಮಾತಾಡ್ಲಿ?" ಎಂದಳು ಅಕ್ಕ. "ಅವತ್ತ ಮಾಡ್ರಿ ಅಂದಾಕಿ ನಾನೂ ಅಲ್ಲೇನು?"

ಅದನ್ನೇ ಹೇಳು, ಅಷ್ಟು ಹೇಳಿದರೂ ಸಾಕು ಎಂದೆ. ಅಕ್ಕ ಹೂಂ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನ್ ಇಟ್ಟಳು. ಅವಳು ಇನ್ನೂ ಹೇಳಿಲ್ಲ.